ಮನ್ಯಾಗ ಬರದ ನೂಡಲ್ಸ್

ಯಲಬುರ್ಗಾದ ಕೃಷಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನು ಹುಲಗೆಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ನನ್ನ ಊರು ಕೊಪ್ಪಳ, ದಿನಾ ಓಡಾಡಬಹುದಾದ ದೂರವೇ. ಆದರೆ ಬೆಳಗಿನ ಬಸ್ಸಿನಲ್ಲಿ ಯಾರದೋ ಮೊಣಕೈಗೆ ಗದ್ದ ಕೊಟ್ಟು ನಿಂತು ಹೋಗಿ ಸಾಕಾಗಿತ್ತು. ಇದು ಎರಡು ಸಾವಿರದ ಹನ್ನೊಂದರ ಬೇಸಿಗೆಯಲ್ಲಿ ನಡೆದದ್ದು.

ಹುಲಗೆಮ್ಮನವರ ಗಂಡ ಮುದುಕಪ್ಪ ಮೂವತ್ತನಾಲ್ಕು ವರ್ಷ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಹೆಸರಿಗೆ ಮುದುಕಪ್ಪ, ನಿಂತರೆ ಕಂಬ ನೆಟ್ಟ ಹಾಗೆ. ಮೀಸೆ ಎರಡೂ ಕೆನ್ನೆಗೆ ಹಬ್ಬಿತ್ತು. ಮಾತು ಕಡಿಮೆ, ಆಡಿದರೆ ಅದೂ ಕರೆಂಟಿನ ಭಾಷೆಯಲ್ಲಿ. ಸಾರಿಗೆ ಖಾರ ಸಾಲದಿದ್ದರೆ "ಲೋಡ್ ಇಲ್ಲ" ಅನ್ನುವರು. ಬೀಗರು ಮುನಿಸಿಕೊಂಡರೆ "ಲೈನ್ ಟ್ರಿಪ್ ಆಗೈತಿ" ಅನ್ನುವರು.

ಹುಲಗೆಮ್ಮನವರು ತಳಕಲ್ ಊರಿನ ಮಗಳು. ಅವರು ಹೊಸೆದ ಶಾವಿಗೆ ಎಳೆ ಹರಿಯುತ್ತಿರಲಿಲ್ಲ ಅನ್ನುವುದು ಓಣಿಯಲ್ಲಿ ಎಲ್ಲರೂ ಒಪ್ಪಿದ ಮಾತು. ಹಿರಿಯ ಮಗಳ ಮದುವೆಗೆ ಒಬ್ಬರೇ ಕೂತು ಶಾವಿಗೆ ಮಾಡಿ ನಾಲ್ಕು ಡಬ್ಬಿ ತುಂಬಿದ್ದರಂತೆ. ಅಡುಗೆಯ ವಿಷಯದಲ್ಲಿ ತಮಗೆ ಬಾರದ್ದು ಏನಾದರೂ ಇರಬಹುದು ಎಂಬ ಅನುಮಾನ ಐವತ್ತೈದು ವರ್ಷದಲ್ಲಿ ಒಮ್ಮೆಯೂ ಅವರನ್ನು ಕಾಡಿರಲಿಲ್ಲ.

ತಪ್ಪು ಶುರುವಾದದ್ದು ನನ್ನಿಂದ. ಒಂದು ಸಂಜೆ ಅಡುಗೆ ಮಾಡಿಕೊಳ್ಳಲು ಬೇಸರವಾಗಿ ಬಸ್ ಸ್ಟ್ಯಾಂಡ್ ಹತ್ತಿರದ ವಾಹೀದನ ಗಾಡಿಯಿಂದ ಒಂದು ವೆಜ್ ನೂಡಲ್ಸ್ ಪಾರ್ಸಲ್ ತಂದೆ. ಮನೆಯವರಿಗೆ ಕೊಡದೆ ತಿನ್ನುವುದು ಹೇಗೆಂದು ಒಂದು ತಟ್ಟೆಯಲ್ಲಿ ಸ್ವಲ್ಪ ಒಳಗೆ ಕೊಟ್ಟೆ. ಹುಲಗೆಮ್ಮನವರು ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ದಪ್ಪ ಆಗೈತಿ. ಹೊಸಿಯಾಕ ಬರೂದಿಲ್ಲ ಅವಂಗ" ಅಂದರು. ಆಮೇಲೆ ತಿಂದರು. ಆಮೇಲೆ ನನ್ನ ಕೋಣೆಗೇ ಬಂದು, "ಉಳದೈತೇನು?" ಎಂದು ಕೇಳಿದರು.

ಮಾರನೆಯ ದಿನ ನಾನು ಕಚೇರಿಯಿಂದ ಬರುವ ಹೊತ್ತಿಗೆ ಅವರು ಚಪ್ಪಲಿ ಮೆಟ್ಟಿ ತಯಾರಾಗಿ ನಿಂತಿದ್ದರು. ಇಬ್ಬರೂ ಗಾಡಿಗೆ ಹೋದೆವು.

ವಾಹೀದ ಮೂವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ. ಮಾತು ಮೆತ್ತಗೆ, ಕೈ ಮಾತ್ರ ಸಿಡಿಲಿನ ಹಾಗೆ. ಒಂದು ಕೈಯಲ್ಲಿ ಕಡಾಯಿ ಕುಣಿಸುತ್ತ, ಇನ್ನೊಂದರಲ್ಲಿ ಸೌಟು ಆಡಿಸುತ್ತ, ನಡುನಡುವೆ ಸೌಟಿನಿಂದ ಕಡಾಯಿಯ ಅಂಚಿಗೆ ಟಣ್ ಟಣ್ ಎಂದು ಎರಡು ಪೆಟ್ಟು ಕೊಡುವನು. ಆ ಸದ್ದು ಕೇಳಿದರೆ ಬಸ್ಸಿಗೆ ಕಾದವರಿಗೂ ಹಸಿವಾಗುತ್ತಿತ್ತು.

"ತಮ್ಮಾ, ಇದನ್ನ ಹೆಂಗ ಮಾಡ್ತಿ ಹೇಳು, ಮನ್ಯಾಗ ಮಾಡ್ತೀನಿ" ಅಂದರು ಹುಲಗೆಮ್ಮ.

ವಾಹೀದ ಗೌರವದಿಂದಲೇ ತಲೆಯಾಡಿಸಿದ. "ಮಾಡೂದು ಹೇಳಬಹುದ್ರಿ ಅಮ್ಮಾರ. ಆದ್ರ ಇದು ಮನ್ಯಾಗ ಬರೂದಿಲ್ರಿ."

"ಯಾಕ ಬರೂದಿಲ್ಲ?"

"ಬರೂದಿಲ್ರಿ. ಭಾಳ ಮಂದಿ ಮಾಡಿ ನೋಡ್ಯಾರ. ಮನ್ಯಾಗಿಂದು ಮನ್ಯಾಗಿಂದ ಆಕ್ಕೈತಿ, ಗಾಡಿದು ಗಾಡಿದ."

ಅವನು ಅಂದದ್ದರಲ್ಲಿ ಅಹಂಕಾರವೇನೂ ಇರಲಿಲ್ಲ. ಮಳೆ ಬರುವುದಿಲ್ಲ ಅಂದ ಹಾಗೆ ಅಂದ. ಹುಲಗೆಮ್ಮನವರಿಗೆ ಅದನ್ನೇ ತಡೆಯಲಾಗಲಿಲ್ಲ.

"ನಾಳಿಂದು ಬಿಟ್ಟು ಮುಂದಿನ ಐತವಾರ ಮಧ್ಯಾಹ್ನ ನಮ್ಮ ಮನಿಗೆ ಊಟಕ್ಕ ಬಾ. ಮನ್ಯಾಗ ಬರ್ತದೋ ಇಲ್ಲೋ ನೀನ ತಿಂದು ಹೇಳು. ಮನ್ಯಾಗ ಯಾರದಾರ?"

"ನಮ್ಮ ಅಮ್ಮಿ ಅದಾಳ್ರಿ."

"ಆಕಿನೂ ಕರ್ಕೊಂಡು ಬಾ."

ಹೀಗೆ ನೂಡಲ್ಸ್ ಮಾಡಲು ಬಾರದ ಹೆಂಗಸು ನೂಡಲ್ಸ್ ಮಾರುವವನನ್ನು ನೂಡಲ್ಸ್ ಊಟಕ್ಕೆ ಕರೆದು ಬಂದರು. ಕೈಯಲ್ಲಿ ಎಂಟು ದಿನ ಇತ್ತು.

ಊರಿನ ಕಿರಾಣಿ ಅಂಗಡಿಗಳಲ್ಲಿ ಮಕ್ಕಳು ತಿನ್ನುವ ಮಸಾಲೆ ಪುಡಿಯ ನೂಡಲ್ಸ್ ಬಿಟ್ಟರೆ ಬೇರೆ ಸಿಗಲಿಲ್ಲ. ಗಾಡಿಯವರು ಬಳಸುವ ಉದ್ದನೆಯವು ಭತ್ತಕ್ಕೆ ಹೆಸರಾದ ಗಂಗಾವತಿಯಲ್ಲಿ ಸಿಗುತ್ತವೆಂದು ತಿಳಿದು ಮುದುಕಪ್ಪನವರನ್ನು ಬಸ್ಸು ಹತ್ತಿಸಿದರು. ಬೆಳಿಗ್ಗೆ ಹೋದವರು ಸಂಜೆ ಬಂದರು. ಹೆಗಲ ಮೇಲೆ ಒಂದು ಚೀಲ. ಸಗಟು ಅಂಗಡಿಯವನು ಚಿಲ್ಲರೆ ಕೊಡುವುದಿಲ್ಲ ಅಂದನಂತೆ. ಐದು ಕಿಲೋ ನೂಡಲ್ಸ್, ಒಂದು ಕ್ಯಾನು ಸೋಯಾ ಸಾಸ್, ಒಂದು ಕ್ಯಾನು ವಿನೆಗರ್, ಒಂದು ಕ್ಯಾನು ಕೆಂಪು ಚಿಲ್ಲಿ ಸಾಸ್. ಜತೆಗೆ, ಯಾರೂ ಹೇಳದಿದ್ದರೂ, ಹತ್ತು ಕಿಲೋ ಸೋನಾಮಸೂರಿ ಅಕ್ಕಿ.

"ಅಕ್ಕಿ ಯಾಕ?" ಎಂದು ಹುಲಗೆಮ್ಮ ಕೇಳಿದರು.

"ಗಂಗಾವತಿಗೆ ಹೋಗಿ ಅಕ್ಕಿ ತರಲಾರದ ಬಂದ್ರ ಮಂದಿ ಏನಂತಾರ" ಅಂದರು ಮುದುಕಪ್ಪ.

ಮೊದಲ ಪ್ರಯತ್ನ ಅಂದೇ ಆಯಿತು. ಹುಲಗೆಮ್ಮನವರು ಶಾವಿಗೆ ಬೇಯಿಸುವ ಲೆಕ್ಕದಲ್ಲೇ ಪಾತ್ರೆಗೆ ಹಾಕಿ, ಹಾಲು ಕಾಸಿದ ಹಾಗೆ ಮುತುವರ್ಜಿಯಿಂದ ಕುದಿಸಿದರು. ಕುದಿಸಿದ್ದನ್ನು ಕಡಾಯಿಗೆ ಹಾಕಿ ತಿರುವಿದಾಗ ಅದು ನೂಡಲ್ಸ್ ಅನ್ನುವ ಗುರುತನ್ನೇ ಬಿಟ್ಟಿತು. ತಟ್ಟೆಗೆ ಬಂದದ್ದು ಕಂದು ಬಣ್ಣದ ಮುದ್ದೆ. ಮುದುಕಪ್ಪನವರು ಅದನ್ನು ಮುರಿದುಕೊಂಡು, ನಂಜಿಕೊಳ್ಳಲು ಶೇಂಗಾ ಚಟ್ನಿ ಕೇಳಿ, ಪೂರ್ತಿ ಉಂಡರು. "ಛಲೋ ಐತಿ, ಆದ್ರ ಇದು ಬ್ಯಾರೆ ಏನೋ ಐತಿ" ಅಂದರು.

"ನೋಡಿ ಬರೂಣು ನಡಿ ತಂಗಿ, ನೀ ಬರ್ಕೊ" ಎಂದು ಹುಲಗೆಮ್ಮ ಮರುದಿನ ಸಂಜೆ ನನ್ನನ್ನು ಎಬ್ಬಿಸಿಕೊಂಡು ಹೊರಟರು. ವಾಹೀದನ ಗಾಡಿಯ ಎದುರಿಗೆ ಕಬ್ಬಿನ ಹಾಲಿನ ಅಂಗಡಿ. ಅಲ್ಲಿ ಕೂತು ನಮ್ಮ ಪತ್ತೇದಾರಿ. ನಾನು ಕಚೇರಿಯ ಡೈರಿ ತೆರೆದು ಬರೆಯುತ್ತಿದ್ದೆ, ಅವರು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ನೋಡಿ ಹೇಳುತ್ತಿದ್ದರು. ಐದು ನಿಮಿಷಕ್ಕೇ ವಾಹೀದ ನಮ್ಮನ್ನು ಕಂಡು, ಸೌಟು ಹಿಡಿದ ಕೈಯನ್ನೇ ಹಣೆಗೆ ಒತ್ತಿ ನಮಸ್ಕಾರ ಮಾಡಿದ. ಪತ್ತೇದಾರಿ ಅಲ್ಲಿಗೇ ಮುಗಿಯಬೇಕಿತ್ತು. ಹುಲಗೆಮ್ಮನವರು ಅವನಿಗೆ ಪ್ರತಿನಮಸ್ಕಾರ ಮಾಡಿ, ಸೆರಗನ್ನು ಮತ್ತೆ ಮುಖಕ್ಕೆ ಎಳೆದುಕೊಂಡು, "ಬರ್ಕೊ" ಅಂದರು.

ಮೂರು ಗ್ಲಾಸು ಕಬ್ಬಿನ ಹಾಲು ಕುಡಿಯುವಷ್ಟರಲ್ಲಿ ನಾವು ಇಷ್ಟು ತಿಳಿದುಕೊಂಡಿದ್ದೆವು. ನೂಡಲ್ಸನ್ನು ಅವನು ಮೊದಲೇ ಅರೆಬರೆ ಬೇಯಿಸಿ, ಎಣ್ಣೆ ಸವರಿ, ಬಟ್ಟೆಯ ಮೇಲೆ ಹರವಿ ಆರಿಸಿಟ್ಟಿದ್ದ. ಒಂದು ಸಲಕ್ಕೆ ಎರಡು ತಟ್ಟೆಗಿಂತ ಹೆಚ್ಚು ಹಾಕುತ್ತಿರಲಿಲ್ಲ. ಎಲೆಕೋಸು, ಗಜ್ಜರಿ, ಡಬ್ಬು ಮೆಣಸಿನಕಾಯಿಗೆ ಉರಿ ತೋರಿಸಿದಷ್ಟೇ, ಬೇಯಲು ಬಿಡುತ್ತಿರಲಿಲ್ಲ. ಆಮೇಲೆ ಬಿಳಿ ಪುಡಿ, ಅದರ ಹಿಂದೆಯೇ ಮತ್ತೊಂದು ಡಬ್ಬಿಯಿಂದ ಇನ್ನೊಂದು ಬಿಳಿ ಪುಡಿ. ನಾನು "ಉಪ್ಪು, ಮತ್ತೆ ಉಪ್ಪು" ಎಂದು ಬರೆದೆ. ಕೊನೆಗೆ ಟಣ್ ಟಣ್.

"ಅಂವ ಬಡೀತಾನಲ್ಲ, ಅದರಾಗ ಐತಿ ಗುಟ್ಟು" ಅಂದರು ಹುಲಗೆಮ್ಮ. "ಬಡದ್ರ ಎಳಿ ಬಿಡತಾವು. ಎಷ್ಟು ಸಲ ಬಡದ?"

"ಒಂದು ಕಡಾಯಿಗೆ ಹದಿನಾಲ್ಕು ಸಲ್ರಿ."

"ಬರ್ಕೊ."

ಹರವಿ ಆರಿಸುವ ಮಾತು ಅವರಿಗೆ ಬಹಳ ಹಿಡಿಸಿತು. ಅದು ಶಾವಿಗೆಯ ಕೆಲಸವೇ. ಮರುದಿನ ಬೆಂದ ನೂಡಲ್ಸನ್ನು ಶಾವಿಗೆ ಕಡ್ಡಿಗಳ ಮೇಲೆ ಎಳೆ ಎಳೆಯಾಗಿ ನೇತುಹಾಕಿ ಮಾಳಿಗೆಯ ಮೇಲೆ ಗಾಳಿಗಿಟ್ಟರು. ವೈಶಾಖದ ಗಾಳಿ, ಎಣ್ಣೆ ಸವರಿದ ಎಳೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಾರೆವ್ವ ಬಾಗಿಲಿಗೆ ಬಂದು ನಿಂತಳು. ಒಣಗಲು ಹಾಕಿದ್ದ ಅವಳ ನೀಲಿ ಸೀರೆ ಕೈಯಲ್ಲಿತ್ತು. ಅದರ ತುಂಬ ನೂಡಲ್ಸ್ ಅಂಟಿಕೊಂಡು ಹೊಸ ನಮೂನೆಯ ಕಸೂತಿಯ ಹಾಗೆ ಕಾಣುತ್ತಿತ್ತು.

"ಅಕ್ಕಾರ, ಇವು ನಿಮ್ಮವೇನ್ರಿ?"

"ಹೌದು. ಅಲ್ಲೇ ಇಡು, ಆರಿಸ್ಕೋತೀನಿ" ಅಂದರು ಹುಲಗೆಮ್ಮ.

ಎರಡನೆಯ ಪ್ರಯತ್ನದಲ್ಲಿ ಎಳೆ ಬಿಡಿಬಿಡಿಯಾಗಿ ಬಂತು. ಆದರೆ ಗಾಡಿಯ ಆ ಸುಟ್ಟ ಹೊಗೆಯ ವಾಸನೆ ಮಾತ್ರ ಇಲ್ಲ. ಹದಿನಾಲ್ಕು ಸಲ ಬಡಿದರೂ ಇಲ್ಲ. ಮುದುಕಪ್ಪನವರು ಗ್ಯಾಸ್ ಒಲೆಯ ಮುಂದೆ ಬಗ್ಗಿ ಉರಿಯನ್ನು ಬಹಳ ಹೊತ್ತು ನೋಡಿದರು.

"ವೋಲ್ಟೇಜ್ ಇಲ್ಲ" ಅಂದರು. "ಈ ಉರಿಯಾಗ ಹಾಲು ಕಾಯ್ತದ. ನೂಡಲ್ಸಿಗೆ ಇದು ಸಾಲೂದಿಲ್ಲ. ಹೆವಿ ಲೈನ್ ಬೇಕು."

ಅವರ ಗೆಳೆಯ ಗಿಡ್ಡಪ್ಪ ಕಂಬಾರ. ಅವನ ಕುಲುಮೆಯಲ್ಲಿ ಕೈಯಿಂದ ತಿರುಗಿಸುವ ಗಾಳಿಯಂತ್ರ ಇತ್ತು. ಮುದುಕಪ್ಪನವರು ಅದನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಬಂದರು. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಇದ್ದಿಲು ತುಂಬಿ, ಯಂತ್ರದ ಮೂತಿಯನ್ನು ಒಳಗೆ ಸೇರಿಸಿ, ಮೇಲೆ ತರಕಾರಿಯ ಕಡಾಯಿ ಇಟ್ಟರು. ಬೆಂಕಿ ಹಿಡಿದಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಲೇ ಒಂದು ಕೈಯಿಂದ ಹಿಡಿಕೆಯನ್ನು ಗಿರ್ರನೆ ತಿರುಗಿಸಿದರು. ಉರಿ ಒಂದಾಳೆತ್ತರ ಎದ್ದಿತು. ಎಲೆಕೋಸು ಕಡಾಯಿಯಿಂದ ಹಾರಿ ನುಗ್ಗೆ ಗಿಡಕ್ಕೆ ಹೋಯಿತು.

ಮುದುಕಪ್ಪನವರು ಎದ್ದು ನಿಂತಾಗ ಎಡಗಡೆಯ ಮೀಸೆ ಇರಲಿಲ್ಲ.

ಹುಲಗೆಮ್ಮನವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ನಾನು ನೀರು ತರಲು ಓಡಿದೆ. ಮೂವತ್ತನಾಲ್ಕು ವರ್ಷ ಕಂಬ ಹತ್ತಿ ಒಂದು ಕೂದಲೂ ಕೊಂಕದ ಮನುಷ್ಯ ಖಾಲಿ ಜಾಗವನ್ನು ಬೆರಳಿನಿಂದ ತಡವಿ ನೋಡಿ ಶಾಂತವಾಗಿ ಹೇಳಿದರು: "ಒಂದು ಫೇಸ್ ಹೋತು."

ಉಳಿದರ್ಧವನ್ನು ಅವರೇ ಬೋಳಿಸಿಕೊಂಡರು. ಮರುದಿನ ಮಾರೆವ್ವ ನನ್ನನ್ನು ಬದಿಗೆ ಕರೆದು, "ಹುಲಗೆಮ್ಮಾರ ಮನಿಗೆ ಯಾರೋ ಬಂದಾರಲ್ಲ, ಆಕಿ ತಮ್ಮೇನು?" ಎಂದು ಪಿಸುಗುಟ್ಟಿ ಕೇಳಿದಳು. ರಜೆಗೆ ಬಂದಿದ್ದ ಮುದುಕಪ್ಪನವರ ಮೊಮ್ಮಗಳು ಎರಡು ದಿನ ಅಜ್ಜನ ಹತ್ತಿರವೇ ಹೋಗಲಿಲ್ಲ. ಹುಲಗೆಮ್ಮನವರು ಮಾತ್ರ ಕೂತಲ್ಲಿ ನಿಂತಲ್ಲಿ ಗಂಡನ ಮುಖ ನೋಡುತ್ತಿದ್ದರು. ಒಮ್ಮೆ ನನ್ನ ಹತ್ತಿರ ಹೇಳಿದರು: "ಲಗ್ನದಾಗ ನೋಡಿದ್ದೆ ನೋಡು ಈ ಮುಖ. ಮರ್ತ ಬಿಟ್ಟಿದ್ದೆ." ಆ ವಾರ ಮುದುಕಪ್ಪನವರ ಜೋಳದ ರೊಟ್ಟಿಗೆ ಎರಡು ಸಲ ಬೆಣ್ಣೆ ಬಿತ್ತು.

ಉರಿ ಸಿಕ್ಕ ಮೇಲೆ ವಾಸನೆಯೂ ಸಿಕ್ಕಿತು. ಶನಿವಾರದ ಪ್ರಯತ್ನವನ್ನು ತಿಂದಾಗ ನನಗೆ ನಿಜಕ್ಕೂ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗಾಯಿತು. ಉಪ್ಪು ಚೂರು ಮುಂದಿದೆಯೇ ಅನ್ನಿಸಿತು, ಆದರೆ ಡೈರಿಯಲ್ಲಿ ಹಾಗೇ ಬರೆದಿತ್ತಲ್ಲ ಎಂದು ಸುಮ್ಮನಾದೆ.

ಐತವಾರ ಮಧ್ಯಾಹ್ನ ಒಂದು ಗಂಟೆ. ಮುದುಕಪ್ಪನವರು ದೂರ ಕೂತು ಯಂತ್ರ ತಿರುಗಿಸುತ್ತಿದ್ದರು, ತಲೆಗೆ ಹಳೆಯ ಇಲಾಖೆಯ ಹೆಲ್ಮೆಟ್. ಹುಲಗೆಮ್ಮನವರು ಸೆರಗು ಸೊಂಟಕ್ಕೆ ಬಿಗಿದು ಕಡಾಯಿಯ ಮುಂದೆ ನಿಂತಿದ್ದರು. ನಾನು ತರಕಾರಿ ಎತ್ತಿಕೊಡುತ್ತಿದ್ದೆ. ಅತಿಥಿಗಳು ಬರುವ ಹೊತ್ತಿಗೆ ಬಿಸಿಯಾಗಿರಲೆಂದು ಮೊದಲ ಕಡಾಯಿ ಶುರುಮಾಡಿದೆವು. ಹಿತ್ತಲ ಗೋಡೆ ಎದೆಮಟ್ಟ, ಆಚೆಗೆ ಓಣಿ. ಹೊಗೆ, ಸಾಸಿನ ವಾಸನೆ, ಮೇಲಿಂದ ಟಣ್ ಟಣ್ ಟಣ್.

ಗೋಡೆಯಾಚೆ ಒಂದು ಬೈಕು ನಿಂತಿತು. "ಎರಡು ಪಾರ್ಸಲ್ ಕೊಡ್ರಿ" ಎಂದಿತು ಒಂದು ದನಿ.

ಹುಲಗೆಮ್ಮನವರಿಗೆ ಹೊಗೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಮನೆಗೆ ಬಂದವರಿಗೆ ಇಲ್ಲ ಅನ್ನುವ ರೂಢಿಯೂ ಅವರಿಗಿರಲಿಲ್ಲ. "ತಾಟು ತಗೊಂಡು ಬರ್ರಿ" ಅಂದುಬಿಟ್ಟರು. ಅಷ್ಟೇ ಸಾಕಾಯಿತು. ಹೊಸ ಗಾಡಿ ಶುರುವಾಗಿದೆ, ಅದೂ ಮಧ್ಯಾಹ್ನವೇ, ಅದೂ ಪುಕ್ಕಟೆ ಎಂಬ ಸುದ್ದಿ ಓಣಿಯಲ್ಲಿ ನಾನು ಒಂದು ಗಜ್ಜರಿ ಹೆಚ್ಚುವಷ್ಟರಲ್ಲಿ ಹಬ್ಬಿತು. ಮಾರೆವ್ವ ಎರಡು ತಾಟು ಹಿಡಿದು ಬಂದಳು. ಗಿಡ್ಡಪ್ಪ ತನ್ನ ಗಾಳಿಯಂತ್ರ ಕೇಳಲು ಬಂದವನು ಅದನ್ನು ಮರೆತು ಸಾಲಿನಲ್ಲಿ ನಿಂತ. ಹುಲಗೆಮ್ಮನವರು ಬಂದವರಿಗೆಲ್ಲ ಬಡಿಸುತ್ತ, ಮಾಡುತ್ತ, ಮತ್ತೆ ಬಡಿಸುತ್ತ ಹೋದರು. ಕೈಗೆ ಲಯ ಸಿಕ್ಕಿಬಿಟ್ಟಿತ್ತು. ಅತಿಥಿಗಳು ಯಾಕೆ ಇನ್ನೂ ಬರಲಿಲ್ಲ ಎಂದು ನಾನು ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದೆ.

ಅವರು ಬಂದು ಮುಕ್ಕಾಲು ಗಂಟೆಯಾಗಿತ್ತು. ವಾಹೀದ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಾಯಿ ಇಮಾಮಬಾನು ಅವರ ಕೈ ಹಿಡಿದು ಗೋಡೆಯ ಹತ್ತಿರ ಬಂದಾಗ ಯಾರೋ ತಡೆದರಂತೆ. "ಹಿಂದ ನಿಂದ್ರಿ, ನಾವು ಮೊದಲ ಬಂದೇವಿ" ಅಂದರಂತೆ. ಜಗಳವಾಡುವ ಸ್ವಭಾವ ಅವನದಲ್ಲ. ಹನ್ನೆರಡು ವರ್ಷ ಸಾಲಿನ ಈ ಕಡೆ ನಿಂತವನು ಮೊದಲ ಸಲ ಆ ಕಡೆ ಹೋಗಿ, ನೂಡಲ್ಸಿಗಾಗಿ ಹದಿನೇಳನೆಯವನಾಗಿ ನಿಂತಿದ್ದ. ಹಿಂದೆ ಅವನ ತಾಯಿ.

ಅವನ ಸರದಿ ಬಂದಾಗ ಹುಲಗೆಮ್ಮನವರು ತಲೆ ಎತ್ತದೆ "ತಾಟೆಲ್ಲಿ?" ಅಂದರು.

"ತಾಟು ತಂದಿಲ್ರಿ ಅಮ್ಮಾರ" ಅಂದ ವಾಹೀದ.

ದನಿ ಗುರುತಾಗಿ ಹುಲಗೆಮ್ಮನವರ ಕೈಯಿಂದ ಸೌಟು ಜಾರಿತು. ಕಡಾಯಿಯಲ್ಲಿ ಉಳಿದದ್ದು ಒಂದೇ ತಾಟಿನಷ್ಟು. ಆರಿಸಿದ ನೂಡಲ್ಸ್ ಪೂರ್ತಿ ಖಾಲಿ. ಕಣ್ಣಲ್ಲಿ ನೀರು ಬಂತು, ಹೊಗೆಗೆ ಎಂದು ಆಮೇಲೆ ಹೇಳಿದರು. ತಾಯಿ ಮಗ ಇಬ್ಬರನ್ನೂ ಒಳಗೆ ಕರೆದು, ಜಮಖಾನೆ ಹಾಸಿ ಕೂರಿಸಿ, ಆ ಒಂದು ತಾಟನ್ನು ವಾಹೀದನ ಮುಂದಿಟ್ಟು ಎದುರಿಗೇ ಕೂತರು. ಹೆಲ್ಮೆಟ್ಟಿನ ಸಮೇತ ಮುದುಕಪ್ಪನವರೂ ಬಂದು ಕೂತರು. ನಾನು ಡೈರಿ ಹಿಡಿದುಕೊಂಡೆ.

ವಾಹೀದ ತಾಟು ನೋಡಿದ. ತಾಯಿಯ ಮುಖ ನೋಡಿದ. ಬೆವರು ಒರೆಸಿಕೊಂಡ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಮ್ಮಾರ. ಅವತ್ತ ಹೇಳಬೇಕಿತ್ತು, ನೀವು ಭಾಳ ಜೋರಿನ್ಯಾಗ ಇದ್ರಿ. ನಾ ನೂಡಲ್ಸ್ ತಿನ್ನೂದಿಲ್ರಿ."

"ಏನು?"

"ಆರು ವರ್ಷ ಆತ್ರಿ ಬಾಯಾಗ ಇಟ್ಟು. ದಿನಾ ಆ ವಾಸನಿ ಕುಡದು ಕುಡದು, ಕಂಡ್ರ ಹೊಟ್ಟಿ ತೊಳಸ್ತೈತ್ರಿ. ಗಾಡಿ ಮುಚ್ಚಿ ಮನಿಗೆ ಹೋಗಿ ಅನ್ನ ಸಾರು ಉಣ್ತೀನ್ರಿ."

ಎಂಟು ದಿನ, ಐದು ಕಿಲೋ, ಒಂದು ಮೀಸೆ. ತೀರ್ಪು ಹೇಳಬೇಕಾದವನು ತಿನ್ನುವುದೇ ಇಲ್ಲ. ಮುದುಕಪ್ಪನವರು ಹೆಲ್ಮೆಟ್ ತೆಗೆದು ನೆಲಕ್ಕಿಟ್ಟರು.

ಆಗ ಇಮಾಮಬಾನು ಕೈ ಚಾಚಿ ತಾಟನ್ನು ತಮ್ಮ ಕಡೆ ಎಳೆದುಕೊಂಡರು. "ಅಂವ ತಿನ್ನೂದಿಲ್ಲ, ನಾ ತಿಂತೀನ್ರಿ. ದಿನಾ ಒಂದು ಪಾರ್ಸಲ್ ನನಗ ತರ್ತಾನ."

ಒಂದು ತುತ್ತು ಬಾಯಿಗಿಟ್ಟರು. ತಕ್ಷಣ ಬಾಯಿ ತೆರೆದು ಗಾಳಿ ಎಳೆದುಕೊಂಡರು. ಕೈ ಬೀಸಿಕೊಂಡರು. ನಾನು ನೀರು ಕೊಡಲು ಹೋದರೆ ಬೇಡ ಅಂದರು.

"ಬಿಸಿ ಅದಾವ" ಅಂದರು, ಬಹಳ ಆಶ್ಚರ್ಯದಿಂದ.

"ಈಗ ಇಳಿಸಿದ್ದಲ್ರಿ ಅಕ್ಕಾರ, ಬಿಸಿ ಇರತಾವ" ಅಂದರು ಹುಲಗೆಮ್ಮ.

"ಹನ್ನೆರಡು ವರ್ಷ ತಿಂದೀನ್ರಿ ಮಗಂದು. ಅಂವ ಗಾಡಿ ಮುಚ್ಚಿ, ತೊಳದು, ಮನಿಗೆ ಬರೂದ್ರಾಗ ಆರಿ ಗಟ್ಟಿ ಆಗಿರತಾವು. ನೂಡಲ್ಸ್ ಅಂದ್ರ ತಣ್ಣಗ ಇರೂದ ಇರಬೇಕು ಅಂದಕೊಂಡಿದ್ದೆ."

ವಾಹೀದ ತಲೆ ಎತ್ತಿದ. "ಅಮ್ಮಿ, ನೀ ಒಮ್ಮಿನೂ ಹೇಳಿಲ್ಲಲ್ಲ."

"ಏನಂತ ಹೇಳ್ಲಿ? ಬಿಸಿ ಇರ್ತಾವಂತ ನನಗೆಲ್ಲಿ ಗೊತ್ತಿತ್ತು?"

"ಗಾಡಿ ಹತ್ರ ಬರಬೇಕಿತ್ತಿಲ್ಲ?"

"ಬಸ್ ಸ್ಟ್ಯಾಂಡಿನ್ಯಾಗ ಅಷ್ಟು ಗಂಡಸರ ನಡುವ ನಿಂತು ಹೆಂಗ ತಿನ್ನಬೇಕಪ್ಪ ನಾನು?"

ವಾಹೀದ ಅಂಗಿಯ ತೋಳಿನಿಂದ ಮತ್ತೆ ಮುಖ ಒರೆಸಿಕೊಂಡ. ಇಮಾಮಬಾನು ಮಾತ್ರ ಊದುತ್ತ ಊದುತ್ತ ತಿನ್ನುವುದನ್ನು ನಿಲ್ಲಿಸಲಿಲ್ಲ. ಹುಲಗೆಮ್ಮನವರ ಮನಸ್ಸೂ ಕರಗಿತ್ತು, ನಾನು ನೋಡಿದೆ. ಆದರೆ ಶಾವಿಗೆಯ ಕೈ, ಅಷ್ಟಕ್ಕೇ ಬಿಡುವುದಿಲ್ಲ. ತಾಟು ಬರಿದಾಗುವವರೆಗೆ ಕಾದು ಕೇಳಿದರು.

"ಬಿಸಿ ಮಾತು ಇರಲ್ರಿ ಅಕ್ಕಾರ. ರುಚಿ ಯಾರದು ಛಲೋ ಐತಿ?"

ಇಮಾಮಬಾನು ಯೋಚಿಸಿ, ಬೆರಳು ನೆಕ್ಕಿಕೊಂಡರು. "ಸುಳ್ಳು ಹೇಳೂದಿಲ್ರಿ. ಮಗಂದ ಛಲೋ. ನಿಮ್ಮದು ಉಪ್ಪು ಮುಂದಾಗೈತಿ."

ಹುಲಗೆಮ್ಮನವರು ತಿರುಗಿ ಗಂಡನನ್ನು ನೋಡಿದರು. "ನೀವೇನರ ಉಪ್ಪು ಹಾಕಿದ್ರೇನು?"

"ನಾ ಬರೇ ಗಾಳಿ ಹಾಕೀನಿ" ಅಂದರು ಮುದುಕಪ್ಪ.

"ಉಪ್ಪು ಎರಡು ಸಲ ಹಾಕೂದಿಲ್ರಿ ನಾ" ಎಂದ ವಾಹೀದ. "ಒಂದು ಉಪ್ಪು, ಇನ್ನೊಂದು ಟೇಸ್ಟಿಂಗ್ ಪೌಡರ್ ಅಂತ ಬರ್ತೈತ್ರಿ. ಅದೂ ಬೆಳ್ಳಗಿರ್ತೈತಿ."

ನಾನು ಡೈರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಯಾರೂ ಕೇಳಲಿಲ್ಲ. ನಾನೂ ಇವತ್ತಿನವರೆಗೆ ಹೇಳಿಲ್ಲ.

ಆಮೇಲೆ ವಾಹೀದನಿಗೆ ರೊಟ್ಟಿ, ಪುಂಡಿಪಲ್ಲೆ, ಗಂಗಾವತಿಯ ಹೊಸ ಅಕ್ಕಿಯ ಅನ್ನ ಬಡಿಸಿದರು. ಅವನು ನಾಲ್ಕು ರೊಟ್ಟಿ ಉಂಡ. ಉಣ್ಣುತ್ತಲೇ, "ಆದ್ರ ಎಳಿ ನಿಮ್ಮವು ಭಾಳ ಛಲೋ ಬಿಡಿಬಿಡಿ ಆಗ್ಯಾವ್ರಿ. ನನಗ ಅಂಟತಾವು. ಹೆಂಗ ಆರಿಸಿದ್ರಿ?" ಎಂದು ಕೇಳಿದ. ಹುಲಗೆಮ್ಮನವರು ಇಡೀ ವಾರ ಈ ಒಂದು ಪ್ರಶ್ನೆಗಾಗಿಯೇ ಬದುಕಿದ್ದವರಂತೆ ನೆಟ್ಟಗೆ ಕೂತರು. ಹೋಗುವಾಗ ಅವನ ಕಂಕುಳಲ್ಲಿ ಒಂದು ಕಟ್ಟು ಶಾವಿಗೆ ಕಡ್ಡಿ ಇತ್ತು.

ಮರುದಿನ ಸಂಜೆಯಿಂದ ವಾಹೀದನ ಗಾಡಿಯ ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಬಂದವು. ಒಂದು ಅವನ ತಾಯಿಗೆ. ಒಬ್ಬರೇ ಕೂರಲು ಅವರಿಗೆ ಸಂಕೋಚ ಆಗಬಾರದೆಂದು ಇನ್ನೊಂದು ಹುಲಗೆಮ್ಮನವರಿಗೆ. ಐದೂವರೆಗೆ ಮೊದಲ ಕಡಾಯಿ ಇಳಿದರೆ ಮೊದಲ ತಾಟು ಇಮಾಮಬಾನು ಅವರಿಗೆ, ಬಾಯಿ ಸುಡುವ ಹಾಗೆ. ಆಮೇಲೆ ಉಳಿದವರಿಗೆ. ಗಿರಾಕಿಗಳು ಮೊದಮೊದಲು ಗೊಣಗಿದರು. ಹುಲಗೆಮ್ಮನವರು ಒಂದು ಸಲ ತಿರುಗಿ ನೋಡಿದ ಮೇಲೆ ಬಿಟ್ಟರು.

ಮುಂದಿನ ವರ್ಷ ನನಗೆ ಕುಷ್ಟಗಿಗೆ ವರ್ಗವಾಯಿತು. ಹೊರಡುವ ಸಂಜೆ ಬಸ್ಸಿನ ಕಿಟಕಿಯಿಂದ ಗಾಡಿಯ ಪಕ್ಕದ ಕುರ್ಚಿಗಳಲ್ಲಿ ಹುಲಗೆಮ್ಮ, ಇಮಾಮಬಾನು ಇಬ್ಬರೂ ಕಂಡರು. ಯಾರೋ ದೊಡ್ಡ ಮನುಷ್ಯ, ಸಫಾರಿ ಹಾಕಿಕೊಂಡವನು, ಫೋನಿನಲ್ಲಿ ಮಾತಾಡುತ್ತ ನಿಂತೇ ತಿನ್ನುತ್ತಿದ್ದ. ಹುಲಗೆಮ್ಮನವರು ಎದ್ದು ತಮ್ಮ ಕುರ್ಚಿಯನ್ನು ಅವನ ಹಿಂದೆ ಎಳೆದುಹಾಕಿ, ಆರುತ್ತಿದ್ದ ತಾಟಿನ ಕಡೆ ಕೈ ತೋರಿಸಿ ಏನೋ ಅಂದರು. ಅವನು ಫೋನು ಜೇಬಿಗಿಟ್ಟು, ಸುಮ್ಮನೆ ಕೂತು ತಿನ್ನತೊಡಗಿದ.